ಡಬ್ಬ ತುಂಬುತ್ತಿಲ್ಲ

ನಮ್ಮ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬ ಒಂದಿದೆ. ಉದ್ದನೆಯದು, ದುಂಡಗಿದೆ, ಮುಚ್ಚಳ ಸ್ವಲ್ಪ ಸೊಟ್ಟ. ನಾನು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಒಂದು ದೊಡ್ಡ ಪ್ಯಾಕೆಟ್ ಒಡೆದು ಹಾಕಿದರೆ ಸರಿಯಾಗಿ ಬಾಯಿಯವರೆಗೆ ತುಂಬುತ್ತಿತ್ತು. ಕೊನೆಯ ಎರಡು ಬಿಸ್ಕತ್ತು ಹಿಡಿಸದೆ ಹೊರಗೆ ಉಳಿಯುತ್ತಿದ್ದವು, ಆ ಎರಡು ಯಾರಿಗೆ ಅಂತ ನನಗೂ ತಮ್ಮನಿಗೂ ದಿನಾ ಜಗಳ. ಹೋದ ತಿಂಗಳು ಅದೇ ಕಂಪನಿಯ, ಅದೇ ಬಣ್ಣದ, ಅದೇ ದೊಡ್ಡ ಪ್ಯಾಕೆಟ್ ತಂದು ಸುರಿದೆ. ಮುಚ್ಚಳ ಹಾಕಲು ಹೋದರೆ ಮೇಲೆ ಮೂರು ಬೆರಳು ಖಾಲಿ.

ಸಂಜೆ ಅಮ್ಮ ಡಬ್ಬ ತೆಗೆದು ನೋಡಿದರು. "ಏನೇ ಇದು, ಆಗಲೇ ಇಷ್ಟು ಮುಗಿಸಿಬಿಟ್ರಾ?"

"ಇಲ್ಲಮ್ಮ, ಯಾರೂ ಮುಟ್ಟಿಲ್ಲ. ಈಗ ತಾನೇ ಒಡೆದು ಹಾಕಿದ್ದು."

ಅಮ್ಮ ನಂಬಲಿಲ್ಲ. ನಾನೂ ಒಂದು ಕ್ಷಣ ನಂಬಲಿಲ್ಲ.

ಅಮ್ಮನ ಹತ್ತಿರ ಅಡುಗೆ ಬರೆದಿಟ್ಟುಕೊಂಡ ಹಳೆಯ ನೋಟ್‌ಬುಕ್ ಇದೆ. ಪ್ಯಾಕೆಟ್‌ಗಳ ಹಿಂದೆ ಅಚ್ಚಾಗಿರುವ ರೆಸಿಪಿಗಳನ್ನು ಕತ್ತರಿಸಿ ಅದರಲ್ಲಿ ಅಂಟಿಸುತ್ತಿದ್ದರು. ಬಿಸ್ಕತ್ತು ಪುಡಿ ಮಾಡಿ ಮಾಡುವ ಒಂದು ಕೇಕಿನ ರೆಸಿಪಿ ಇದೇ ಪ್ಯಾಕೆಟ್‌ನದ್ದು. ಕತ್ತರಿಸಿದ ತುಂಡಿನ ಮೂಲೆಯಲ್ಲಿ ತೂಕವೂ ಸೇರಿಕೊಂಡು ಬಂದಿತ್ತು, 400 ಗ್ರಾಂ. ಹೊಸ ಪ್ಯಾಕೆಟ್ ತಿರುಗಿಸಿ ನೋಡಿದೆ. ಕೆಳಗಡೆ, ಮಡಿಕೆಯ ಹತ್ತಿರ, ಸಣ್ಣ ಅಕ್ಷರದಲ್ಲಿ 320 ಗ್ರಾಂ.

ಆಗ ಇನ್ನೊಂದು ವಿಷಯವೂ ಅರ್ಥವಾಯಿತು. ಎರಡು ವರ್ಷದಿಂದ ಆ ಕೇಕು ಗಟ್ಟಿಯಾಗುತ್ತಲೇ ಇರಲಿಲ್ಲ, ತಳದಲ್ಲಿ ಜಿಡ್ಡು ಬಿಡುತ್ತಿತ್ತು. ಅಮ್ಮ ತಮ್ಮ ಕೈಯನ್ನೇ ಅನುಮಾನಿಸಿದ್ದರು. "ವಯಸ್ಸಾಯ್ತು ಕಣೆ, ಅಳತೆ ತಪ್ಪುತ್ತೆ" ಅನ್ನುತ್ತಿದ್ದರು. ರೆಸಿಪಿಯಲ್ಲಿ ಇದ್ದಿದ್ದು "ಎರಡು ಪ್ಯಾಕೆಟ್ ಬಿಸ್ಕತ್ತು" ಅಂತ. ಬೆಣ್ಣೆ ಮಾತ್ರ ಗ್ರಾಂ ಲೆಕ್ಕದಲ್ಲಿತ್ತು. ಬೆಣ್ಣೆ ಅಷ್ಟೇ ಉಳಿಯಿತು, ಬಿಸ್ಕತ್ತು 160 ಗ್ರಾಂ ಕಡಿಮೆಯಾಯಿತು. ಅಮ್ಮನ ಅಳತೆ ಒಂದು ದಿನವೂ ತಪ್ಪಿರಲಿಲ್ಲ. ಈ ಪೋಸ್ಟ್ ಬರೆಯಲು ಕೂತಿದ್ದೇ ಅದಕ್ಕೆ. ನಮ್ಮ ದುಡ್ಡು ಹೋಗಿದ್ದಕ್ಕಿಂತ, ಅಮ್ಮ ತಮ್ಮನ್ನೇ ತಪ್ಪು ಅಂದುಕೊಂಡರಲ್ಲ, ಅದು ನನಗೆ ಜಾಸ್ತಿ ನೋವಾಯಿತು.

ಲೆಕ್ಕ ಹಾಕಿ ನೋಡಿ. 400 ಗ್ರಾಂ ಇದ್ದದ್ದು ಅದೇ ಬೆಲೆಗೆ 320 ಆದರೆ, ಸಾಮಾನು 20% ಕಡಿಮೆಯಾಯಿತು ಅಂತ ಕಾಣುತ್ತದೆ. ಆದರೆ ಒಂದೊಂದು ಗ್ರಾಮಿಗೆ ನಾವು ಕೊಡುವ ಬೆಲೆ 25% ಏರಿದೆ. ಮೊದಲಿನಷ್ಟೇ ಬಿಸ್ಕತ್ತು ಮನೆಯಲ್ಲಿ ಇರಬೇಕು ಅಂದರೆ ನಾಲ್ಕು ಪ್ಯಾಕೆಟ್ ತರುತ್ತಿದ್ದ ಕಡೆ ಐದು ತರಬೇಕು. ಅದೇ ಕಂಪನಿ ಬೆಲೆಯನ್ನು ನೇರವಾಗಿ 25% ಏರಿಸಿದ್ದರೆ ಅಂಗಡಿಯಲ್ಲೇ ನಿಂತು ಬೇಡ ಅನ್ನುತ್ತಿದ್ದೆವು, ಅಲ್ವಾ? ಬೇರೆ ಬ್ರ್ಯಾಂಡ್ ನೋಡುತ್ತಿದ್ದೆವು. ಆ ಯೋಚನೆಗೇ ನಮಗೆ ಅವಕಾಶ ಸಿಗಲಿಲ್ಲ.

ಇದಕ್ಕೆ ಶ್ರಿಂಕ್‌ಫ್ಲೇಷನ್ ಅಂತ ಹೆಸರು. ಕುಗ್ಗುವುದಕ್ಕೆ ಇಂಗ್ಲಿಷಿನಲ್ಲಿ ಶ್ರಿಂಕ್, ಬೆಲೆ ಏರಿಕೆಗೆ ಇನ್‌ಫ್ಲೇಷನ್, ಎರಡನ್ನೂ ಸೇರಿಸಿ ಮಾಡಿದ ಪದ. ಪದ ಹೊಸದು, ಕೆಲಸ ಹಳೆಯದು.

ಹಳೆಯದು ಅಂದರೆ ಎಷ್ಟು ಹಳೆಯದು? ಇಂಗ್ಲೆಂಡಿನಲ್ಲಿ ಹದಿಮೂರನೇ ಶತಮಾನದಲ್ಲೇ ಬ್ರೆಡ್ಡಿಗೆ ಒಂದು ಕಾನೂನು ಇತ್ತು. ಅದರಲ್ಲಿ ಬ್ರೆಡ್ಡಿನ ಬೆಲೆ ಬದಲಾಗುತ್ತಿರಲಿಲ್ಲ, ತೂಕ ಬದಲಾಗುತ್ತಿತ್ತು. ಗೋಧಿ ದುಬಾರಿಯಾದರೆ ಅದೇ ಕಾಸಿಗೆ ಚಿಕ್ಕ ಬ್ರೆಡ್ಡು, ಅಗ್ಗವಾದರೆ ದೊಡ್ಡ ಬ್ರೆಡ್ಡು. ಗೋಧಿಗೆ ಇಷ್ಟು ಬೆಲೆ ಇದ್ದರೆ ಬ್ರೆಡ್ಡು ಇಷ್ಟು ತೂಗಬೇಕು ಅಂತ ಪಟ್ಟಿ ಮಾಡಿಟ್ಟಿದ್ದರು. ತೂಕದಲ್ಲಿ ಮೋಸ ಮಾಡಿದವರಿಗೆ ದಂಡ ಇತ್ತು, ಶಿಕ್ಷೆ ಇತ್ತು. ಇದನ್ನು ಓದಿದ ಮೇಲೆ ನನ್ನ ಸಿಟ್ಟು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿತು. ಸಾಮಾನು ಚಿಕ್ಕದಾಗುವುದು ನನ್ನ ತಕರಾರಲ್ಲ. ಅಲ್ಲಿ ಚಿಕ್ಕದಾಗಿದೆ ಅನ್ನುವುದು ಕೊಳ್ಳುವವನಿಗೆ ಗೊತ್ತಿತ್ತು, ಯಾಕೆ ಅನ್ನುವುದೂ ಗೊತ್ತಿತ್ತು, ಮತ್ತೆ ಗೋಧಿ ಅಗ್ಗವಾದಾಗ ಬ್ರೆಡ್ಡು ದೊಡ್ಡದಾಗಲೇಬೇಕಿತ್ತು. ಈಗ ಈ ಮೂರೂ ಇಲ್ಲ.

ಮೂರನೆಯದನ್ನೇ ಮೊದಲು ನೋಡೋಣ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಅಂಗಡಿ ಸಾಮಾನುಗಳ ಅಳತೆ ಹೇಗೆ ಬದಲಾಗುತ್ತಿದೆ ಅಂತ ಲೆಕ್ಕ ಇಟ್ಟಿತ್ತು. 2012ರ ಜನವರಿಯಿಂದ 2017ರ ಜೂನ್‌ವರೆಗೆ ಅವರ ಪಟ್ಟಿಯಲ್ಲಿ 2,529 ಸಾಮಾನು ಚಿಕ್ಕದಾಗಿದ್ದವು. ದೊಡ್ಡದಾಗಿದ್ದು 614. ಅಂದರೆ ಒಂದು ಹಿಗ್ಗಿದರೆ ನಾಲ್ಕು ಕುಗ್ಗಿವೆ. ಆ ಐದೂವರೆ ವರ್ಷದಲ್ಲಿ ಕಚ್ಚಾ ಮಾಲಿನ ಬೆಲೆ ಏರಿದ್ದೂ ಉಂಟು, ಇಳಿದಿದ್ದೂ ಉಂಟು. ಪ್ಯಾಕೆಟ್ ಮಾತ್ರ ಬಹುತೇಕ ಒಂದೇ ಕಡೆ ನಡೆದಿದೆ. ಇತ್ತೀಚಿನದ್ದು ಬೇಕೆಂದರೆ 2022 ನೆನಪು ಮಾಡಿಕೊಳ್ಳಿ. ಉಕ್ರೇನಿನಲ್ಲಿ ಯುದ್ಧ ಶುರುವಾಯಿತು, ಸೂರ್ಯಕಾಂತಿ ಎಣ್ಣೆ, ಗೋಧಿ ಎಲ್ಲದರ ಬೆಲೆ ಹಾರಿತು, ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಬೆಲೆ ಸೂಚ್ಯಂಕ ಅಲ್ಲಿಯವರೆಗೆ ಕಾಣದ ಎತ್ತರಕ್ಕೆ ಹೋಯಿತು. ಆಮೇಲೆ ಇಳಿಯಿತು. ಇಳಿದ ಮೇಲೆ ನಿಮ್ಮ ಮನೆಗೆ ಬರುವ ಯಾವ ಪ್ಯಾಕೆಟ್ ಹಳೆಯ ತೂಕಕ್ಕೆ ವಾಪಸ್ ಬಂತು? ನಾನು ನಮ್ಮ ಮನೆಯಲ್ಲಿ ಹುಡುಕಿದೆ. ಒಂದೂ ಸಿಗಲಿಲ್ಲ.

ಇನ್ನು ಕಣ್ಣಿಗೆ ಕಾಣದ ಹಾಗೆ ಹೇಗೆ ಕಡಿಮೆ ಮಾಡುತ್ತಾರೆ ಅನ್ನುವುದು. ಇದರಲ್ಲಿ ಒಂದು ಲೆಕ್ಕ ಇದೆ. ಒಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ 5% ಕಡಿಮೆ ಮಾಡಿದರೆ ಒಳಗೆ ಹಿಡಿಸುವುದು ಸುಮಾರು 14% ಕಡಿಮೆಯಾಗುತ್ತದೆ. 5% ಅಂದರೆ ಹತ್ತು ಸೆಂಟಿಮೀಟರ್‌ನಲ್ಲಿ ಅರ್ಧ ಸೆಂಟಿಮೀಟರ್. ಎರಡು ಪೆಟ್ಟಿಗೆ ಪಕ್ಕಪಕ್ಕ ಇಟ್ಟರೂ ಹೌದೋ ಅಲ್ಲವೋ ಅನ್ನಿಸುತ್ತದೆ. ಹಳೆಯದನ್ನು ಎಸೆದು ತಿಂಗಳಾದ ಮೇಲೆ ಹೊಸದನ್ನು ಕೈಯಲ್ಲಿ ಹಿಡಿದರೆ ಗೊತ್ತಾಗುವ ಮಾತೇ ಇಲ್ಲ. ಕೈಯ ಅಂದಾಜಿಗೂ ಒಂದು ಮಿತಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅರ್ನ್ಸ್ಟ್ ವೆಬರ್ ಅನ್ನುವ ವಿಜ್ಞಾನಿ ಜನರ ಕೈಗೆ ತೂಕ ಕೊಟ್ಟು ಪರೀಕ್ಷೆ ಮಾಡಿದ್ದರು. ವ್ಯತ್ಯಾಸ ಎಷ್ಟು ಗ್ರಾಂ ಅನ್ನುವುದಲ್ಲ, ಮೊದಲಿದ್ದ ತೂಕದಲ್ಲಿ ಅದು ಎಷ್ಟನೇ ಪಾಲು ಅನ್ನುವುದರ ಮೇಲೆ ನಮಗೆ ಗೊತ್ತಾಗುತ್ತದೋ ಇಲ್ಲವೋ ಅನ್ನುವುದು ನಿಂತಿದೆ ಅಂತ ಅವರು ಕಂಡುಕೊಂಡರು. ಸ್ವಲ್ಪ ಸ್ವಲ್ಪವಾಗಿ, ವರ್ಷ ಬಿಟ್ಟು ವರ್ಷ ತೆಗೆದರೆ ಯಾವ ಸಲವೂ ಕೈಗೆ ತಿಳಿಯುವುದಿಲ್ಲ.

ಬಾಟಲಿಯ ತಳ ನೋಡಿದ್ದೀರಾ? ಒಳಗಡೆಗೆ ಗುಳಿ ಬಿದ್ದಿರುತ್ತದೆ. ಬಾಟಲಿ ಗಟ್ಟಿಯಾಗಿ ನಿಲ್ಲಲಿ ಅಂತ ಸ್ವಲ್ಪ ಗುಳಿ ಬೇಕೇಬೇಕು. ಆ ಗುಳಿ ಇನ್ನಷ್ಟು ಆಳವಾದರೆ ಹೊರಗಿನಿಂದ ಎತ್ತರ ಅಷ್ಟೇ, ಅಗಲ ಅಷ್ಟೇ, ಒಳಗಿನ ಎಣ್ಣೆ ಮಾತ್ರ ಕಡಿಮೆ. ಸೋಪಿಗೆ ನಡುವೆ ಹಳ್ಳ ಮಾಡಿ ಹೆಸರು ಕೊರೆಯುತ್ತಾರೆ. ಚಿಪ್ಸ್ ಪ್ಯಾಕೆಟ್‌ಗೆ ಗಾಳಿ. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಗೆ ಎರಡು ಗೋಡೆ, ನಡುವೆ ಟೊಳ್ಳು. ಕಾಗದದ ರೋಲ್ ಆದರೆ ಹಾಳೆಗಳ ಸಂಖ್ಯೆ ಕಡಿಮೆ, ಇಲ್ಲವೇ ಒಂದೊಂದು ಹಾಳೆಯ ಅಗಲ ಕಡಿಮೆ. ಹಾಳೆ ಎಣಿಸಲು ಯಾರು ಕೂರುತ್ತಾರೆ?

ಇದರಲ್ಲಿ ಎಲ್ಲರೂ ಕಂಡ ಒಂದು ಉದಾಹರಣೆ ಟೋಬ್ಲರೋನ್ ಚಾಕೊಲೇಟು. ಸಾಲಾಗಿ ಬೆಟ್ಟದ ತುದಿಗಳ ಹಾಗೆ ಇರುತ್ತದಲ್ಲ, ಅದು. 2016ರಲ್ಲಿ ಬ್ರಿಟನ್ನಿನಲ್ಲಿ ಮಾರುವ 400 ಗ್ರಾಮಿನದ್ದನ್ನು 360ಕ್ಕೆ, 170ರದ್ದನ್ನು 150ಕ್ಕೆ ಇಳಿಸಿದರು. ಪೆಟ್ಟಿಗೆಯ ಉದ್ದ ಕಡಿಮೆಯಾಗಲಿಲ್ಲ, ಬೆಟ್ಟಗಳ ನಡುವಿನ ಕಣಿವೆ ಅಗಲವಾಯಿತು. ಜನ ರೊಚ್ಚಿಗೆದ್ದರು. 2018ರಲ್ಲಿ ಹಳೆಯ ಆಕಾರ ವಾಪಸ್ ತಂದರು. ಅದು ಅಷ್ಟು ದೊಡ್ಡ ಸುದ್ದಿಯಾಗಲು ಕಾರಣ ಅದು ಕಣ್ಣಿಗೆ ಕಂಡಿತು, ಅಷ್ಟೇ. ಕಣಿವೆ ಮುಚ್ಚಿಡಲು ಆಗಲಿಲ್ಲ. ಬಿಸ್ಕತ್ತಿನ ಪ್ಯಾಕೆಟ್‌ಗೆ ಕಣಿವೆ ಇಲ್ಲ, ಬಟ್ಟೆ ಸೋಪಿಗೆ ಕಣಿವೆ ಇಲ್ಲ, ಅದಕ್ಕೇ ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಂಪನಿಗಳ ಕಡೆಯ ಮಾತೂ ಇದೆ, ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ಕಚ್ಚಾ ಮಾಲು ದುಬಾರಿಯಾದಾಗ ಅವರು ಎಲ್ಲಿಂದಾದರೂ ಸರಿದೂಗಿಸಲೇಬೇಕು. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಜಾಸ್ತಿ ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶಗಳಿಂದ ಬರುತ್ತದೆ. ಅಲ್ಲಿ ಮಳೆ ಕೈಕೊಟ್ಟು, ಗಿಡಗಳಿಗೆ ರೋಗ ಬಂದು ಬೆಳೆ ಹಾಳಾಗಿ, 2024ರಲ್ಲಿ ಒಂದು ಟನ್ ಕೋಕೋ 10,000 ಡಾಲರ್ ದಾಟಿತ್ತು. ಚಾಕೊಲೇಟು ಮಾಡುವವರಿಗೆ ಅದು ನಿಜವಾದ ಕಷ್ಟ. ಇನ್ನು ಕೆಲವು ಸಾಮಾನಿನಲ್ಲಿ ತೂಕ ಕಡಿಮೆಯಾದರೂ ಮೋಸವಿಲ್ಲ. ಬಟ್ಟೆ ಒಗೆಯುವ ದ್ರವವನ್ನು ಗಟ್ಟಿ ಮಾಡಿ ಚಿಕ್ಕ ಬಾಟಲಿಯಲ್ಲಿ ಕೊಟ್ಟರೆ, ಒಂದು ಸಲಕ್ಕೆ ಅರ್ಧ ಮುಚ್ಚಳ ಸಾಕಾದರೆ, ನಮಗೆ ನಷ್ಟವಿಲ್ಲ. ಪ್ಲಾಸ್ಟಿಕ್ಕೂ ಉಳಿಯುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಲೀಟರ್ ಅನ್ನುವುದಲ್ಲ, ಎಷ್ಟು ಸಲ ಒಗೆಯಬಹುದು ಅನ್ನುವುದು.

ಆದರೆ ಕಷ್ಟ ಇದ್ದರೆ ಹೇಳಬಹುದಲ್ಲ? "ಕೋಕೋ ದುಬಾರಿಯಾಗಿದೆ, ಈ ತಿಂಗಳಿನಿಂದ ಪ್ಯಾಕೆಟ್ ಇಷ್ಟು ಚಿಕ್ಕದು" ಅಂತ ಮುಂದುಗಡೆ ಒಂದು ಸಾಲು ಹಾಕಿದರೆ ನಾನಂತೂ ಕೊಳ್ಳುತ್ತೇನೆ. ಹೇಳುವುದಿಲ್ಲ. ಅದರ ಬದಲು 'ಹೊಸ ನೋಟ' ಅಂತ ಹಾಕುತ್ತಾರೆ. ಪ್ಯಾಕೆಟ್‌ಗೆ ಹೊಸ ಬಣ್ಣ ಬಂದರೆ ನಾನೀಗ ಮೊದಲು ತೂಕ ನೋಡುತ್ತೇನೆ.

ಬಿಸ್ಕತ್ತಿನ ಕಂಪನಿಗೆ ಒಂದು ಇಮೇಲ್ ಕಳಿಸಿದೆ. ಸಿಟ್ಟಿನಲ್ಲಿ ಬರೆಯಲಿಲ್ಲ. ಹಳೆಯ ತುಂಡಿನ ಫೋಟೋ, ಹೊಸದರ ಫೋಟೋ ಎರಡೂ ಹಾಕಿ, ರೆಸಿಪಿ ನಿಮ್ಮದೇ, ಈಗ ಅದು ಕೆಟ್ಟುಹೋಗುತ್ತಿದೆ, ತೂಕ ಯಾಕೆ ಇಳಿಸಿದಿರಿ, ಯಾವಾಗ ಇಳಿಸಿದಿರಿ ಅಂತ ಕೇಳಿದೆ. ಒಂಬತ್ತು ದಿನ ಬಿಟ್ಟು ಉತ್ತರ ಬಂತು. ನಿಯಮದ ಪ್ರಕಾರ ನಿವ್ವಳ ತೂಕವನ್ನು ಪ್ಯಾಕೆಟ್ ಮೇಲೆ ಸ್ಪಷ್ಟವಾಗಿ ಮುದ್ರಿಸಿದ್ದೇವೆ, ನಿಮ್ಮ ಪ್ರೀತಿಗೆ ಧನ್ಯವಾದ. ಅಷ್ಟೇ. ಅವರು ಹೇಳಿದ್ದು ಸುಳ್ಳಲ್ಲ. ತೂಕ ಮುದ್ರಿಸಿದ್ದಾರೆ. ಹಳೆಯ ತೂಕ ಎಷ್ಟಿತ್ತು ಅನ್ನುವುದನ್ನು ಮಾತ್ರ ಯಾವ ಪ್ಯಾಕೆಟ್ಟೂ ಹೇಳುವುದಿಲ್ಲ. ಅದನ್ನು ನೆನಪಿಟ್ಟುಕೊಳ್ಳುವ ಕೆಲಸ ನಮ್ಮದು. ಮನೆಗೆ ತಿಂಗಳಿಗೆ ಅರವತ್ತು ಎಪ್ಪತ್ತು ಸಾಮಾನು ಬರುತ್ತದೆ, ಎಲ್ಲದರ ಗ್ರಾಂ ತಲೆಯಲ್ಲಿ ಇಟ್ಟುಕೊಂಡು ಯಾರಿಗೆ ಓಡಾಡಲು ಆಗುತ್ತದೆ?

ತೂಕ ಇಳಿಸದೆಯೂ ಕಡಿಮೆ ಕೊಡಬಹುದು, ಅದು ಇನ್ನೂ ಕಷ್ಟ ಹಿಡಿಯುವುದು. ಹಣ್ಣಿನ ರಸದಲ್ಲಿ ಹಣ್ಣು ಕಡಿಮೆ ನೀರು ಜಾಸ್ತಿ. ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜಾಗಕ್ಕೆ ಅಗ್ಗದ ಎಣ್ಣೆ. ಎಷ್ಟೋ ದೇಶಗಳಲ್ಲಿ ಚಾಕೊಲೇಟು ಅಂತ ಕರೆಯಬೇಕಾದರೆ ಇಂತಿಷ್ಟು ಕೋಕೋ ಇರಲೇಬೇಕು ಅಂತ ನಿಯಮ ಇದೆ. ಅದಕ್ಕಿಂತ ಇಳಿದರೆ ಹೆಸರು ಬದಲಾಗಬೇಕು. ಹಾಗಾಗಿ 'ಚಾಕೊಲೇಟು' ಇದ್ದದ್ದು ಒಂದು ದಿನ 'ಚಾಕೊಲೇಟ್ ಫ್ಲೇವರ್' ಆಗಿರುತ್ತದೆ. ಆ ಒಂದು ಪದ ಕಂಡರೆ ಒಳಗೆ ಏನೋ ಬದಲಾಗಿದೆ ಅಂತ ಲೆಕ್ಕ.

ಇದರಿಂದ ಎಲ್ಲರಿಗೂ ಒಂದೇ ಥರ ಪೆಟ್ಟು ಬೀಳುವುದಿಲ್ಲ, ಅದನ್ನು ಹೇಳಲೇಬೇಕು. ಕೈಯಲ್ಲಿ ದುಡ್ಡಿದ್ದವರು ದೊಡ್ಡ ಪ್ಯಾಕೆಟ್ ತರುತ್ತಾರೆ, ತಂದಿಡಲು ಜಾಗವೂ ಇರುತ್ತದೆ. ದಿನದ ದುಡಿಮೆಯಲ್ಲಿ ದಿನದ ಸಾಮಾನು ತರುವವರು ಚಿಕ್ಕದನ್ನೇ ಕೊಳ್ಳಬೇಕು, ಮತ್ತು ಚಿಕ್ಕದರಲ್ಲಿ ಗ್ರಾಮಿನ ಬೆಲೆ ಸಾಮಾನ್ಯವಾಗಿ ಜಾಸ್ತಿ. ಚಿಕ್ಕ ಪ್ಯಾಕೆಟ್‌ನ ಬೆಲೆ ಚಿಲ್ಲರೆಗೆ ಸರಿಯಾಗಿ ಕೂತಿರುತ್ತದೆ, ಏರಿಸಿದರೆ ಕೊಳ್ಳುವುದನ್ನೇ ಬಿಡುತ್ತಾರೆ ಅಂತ ಕಂಪನಿಗೆ ಭಯ, ಹಾಗಾಗಿ ತೂಕದ ಕತ್ತರಿ ಅಲ್ಲೇ ಜಾಸ್ತಿ ಆಡುತ್ತದೆ. ಆಲ್ಬರ್ಟೊ ಕವಾಲೊ ಮತ್ತು ಒಲೆಕ್ಸಿ ಕ್ರಿವ್ತ್ಸೊವ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಕೋವಿಡ್ ನಂತರದ ಬೆಲೆ ಏರಿಕೆಯನ್ನು 10 ದೇಶಗಳಲ್ಲಿ ನೋಡಿದ್ದಾರೆ. ಒಂದೇ ಬಗೆಯ ಸಾಮಾನಿನಲ್ಲಿ ದುಬಾರಿ ಬ್ರ್ಯಾಂಡ್‌ಗಿಂತ ಅಗ್ಗದ ಬ್ರ್ಯಾಂಡ್‌ನ ಬೆಲೆಯೇ ಬೇಗ ಏರಿತ್ತು. ದುಬಾರಿಯಾಯಿತು ಅಂತ ಜನ ಅಗ್ಗದ್ದಕ್ಕೆ ಇಳಿಯುತ್ತಾರೆ. ಮೊದಲಿನಿಂದಲೂ ಅಗ್ಗದ್ದನ್ನೇ ಕೊಳ್ಳುತ್ತಿದ್ದವರು ಎಲ್ಲಿಗೆ ಇಳಿಯಬೇಕು? ಅವರಿಗೆ ಕೆಳಗೆ ಮೆಟ್ಟಿಲೇ ಇಲ್ಲ.

ಸರ್ಕಾರದ ಬೆಲೆ ಏರಿಕೆ ಲೆಕ್ಕದಲ್ಲಿ ಇದು ಸೇರುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅಂಕಿಅಂಶದವರು ತೂಕವನ್ನೂ ನೋಡುತ್ತಾರೆ, ಪ್ಯಾಕೆಟ್ ಕುಗ್ಗಿದರೆ ಅದನ್ನು ಬೆಲೆ ಏರಿಕೆ ಅಂತಲೇ ಲೆಕ್ಕ ಹಾಕುತ್ತಾರೆ. ಅವರಿಗೆ ಹಳೆಯ ತೂಕ ಗೊತ್ತಿರುತ್ತದೆ, ಯಾಕೆಂದರೆ ಬರೆದಿಟ್ಟಿರುತ್ತಾರೆ. ಕೊಳ್ಳುವ ನಮಗೆ ಮಾತ್ರ ಯಾರೂ ಬರೆದಿಟ್ಟು ಕೊಡುವುದಿಲ್ಲ.

ಕೆಲವು ಕಡೆ ಇದನ್ನು ಸರಿಮಾಡಲು ಹೊರಟಿದ್ದಾರೆ, ಅದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಫ್ರಾನ್ಸಿನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಕಾರ್‌ಫೂರ್ ಅನ್ನುವ ದೊಡ್ಡ ಸೂಪರ್‌ಮಾರ್ಕೆಟ್ ತಾನೇ ಚೀಟಿ ಅಂಟಿಸಲು ಶುರುಮಾಡಿತು, ಈ ಸಾಮಾನಿನ ಅಳತೆ ಕಡಿಮೆಯಾಗಿದೆ, ತಯಾರಕರು ಕೇಳುವ ಬೆಲೆ ಏರಿದೆ ಅಂತ. ಮುಂದಿನ ವರ್ಷ ಜುಲೈ 1ರಿಂದ ಅಲ್ಲಿ ಅದು ನಿಯಮವೇ ಆಯಿತು. 400 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು, ತೂಕ ಇಳಿದು ಗ್ರಾಮಿನ ಬೆಲೆ ಏರಿದ್ದರೆ, ಸಾಮಾನಿನ ಪಕ್ಕದಲ್ಲೇ ಎರಡು ತಿಂಗಳು ಬೋರ್ಡು ಹಾಕಬೇಕು. ದಕ್ಷಿಣ ಕೊರಿಯಾದಲ್ಲಿ ಅದೇ 2024ರ ಆಗಸ್ಟ್‌ನಿಂದ ತಯಾರಕರೇ ಹೇಳಬೇಕು, ಹೇಳದಿದ್ದರೆ ದಂಡ. ನನಗೆ ಕೊರಿಯಾದ ದಾರಿ ಹೆಚ್ಚು ಸರಿ ಅನ್ನಿಸುತ್ತದೆ. ಕಡಿಮೆ ಮಾಡಿದವರು ಯಾರೋ ಅವರೇ ಬಾಯಿಬಿಟ್ಟು ಹೇಳಲಿ. ಅಂಗಡಿಯವರು ಯಾಕೆ ಅವರ ಪರವಾಗಿ ಚೀಟಿ ಅಂಟಿಸುತ್ತಾ ಕೂರಬೇಕು?

ಇದೆಲ್ಲ ಬರುವವರೆಗೂ ನಮ್ಮ ಕೈಯಲ್ಲಿ ಇರುವುದು ಗ್ರಾಮಿನ ಬೆಲೆ. ಯುರೋಪಿಯನ್ ಒಕ್ಕೂಟದಲ್ಲಿ 1998ರಲ್ಲೇ ಕಾನೂನು ಮಾಡಿ, ಒಂದು ಕಿಲೋಗೆ ಅಥವಾ ಒಂದು ಲೀಟರಿಗೆ ಎಷ್ಟಾಗುತ್ತದೆ ಅಂತಲೂ ಬರೆಯಬೇಕು ಅಂದರು. ಬೇರೆ ಎಷ್ಟೋ ದೇಶಗಳಲ್ಲೂ ಇದೆ. ದೊಡ್ಡ ಬೆಲೆಯ ಕೆಳಗೆ ಇರುವೆ ಗಾತ್ರದಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದಿ. ಪ್ಯಾಕೆಟ್ ಎಷ್ಟು ಕುಗ್ಗಿದರೂ ಹಿಗ್ಗಿದರೂ ಆ ಅಂಕಿ ಸುಳ್ಳು ಹೇಳುವುದಿಲ್ಲ. 'ಫ್ಯಾಮಿಲಿ ಪ್ಯಾಕ್' ಅಂತ ಇದ್ದರೂ ಓದಿ, ದೊಡ್ಡದು ಯಾವಾಗಲೂ ಅಗ್ಗ ಅಂತಿಲ್ಲ. ಒಂದರಲ್ಲಿ 100 ಗ್ರಾಮಿಗೆ, ಪಕ್ಕದ್ದರಲ್ಲಿ ಕಿಲೋಗೆ ಅಂತ ಬರೆದಿದ್ದರೆ ಸುಮ್ನೆ ಫೋನ್ ತೆಗೆದು ಲೆಕ್ಕ ಮಾಡಿ, ನಾಚಿಕೆ ಪಡಬೇಡಿ. ನಾನು ಈಗ ಸಾಲಿನಲ್ಲಿ ನಿಂತೇ ಮಾಡುತ್ತೇನೆ.

ಇನ್ನೊಂದು ಕೆಲಸ ಶುರುಮಾಡಿದ್ದೇನೆ. ಪದೇ ಪದೇ ಕೊಳ್ಳುವ ಹದಿನೈದು ಸಾಮಾನಿನ ಹಿಂಬದಿಯ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟಿದ್ದೇನೆ. ಹದಿನೈದು ಸಾಕು, ಎಲ್ಲವನ್ನೂ ಕಾಯಲು ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಹೋಲಿಸಿ ನೋಡುವುದು. ಮೊದಲ ಸುತ್ತಿನಲ್ಲೇ ಪಾತ್ರೆ ತೊಳೆಯುವ ಸೋಪು ಸಿಕ್ಕಿಬಿತ್ತು. ಅದು ಇಡುವ ಡಬ್ಬಿಯಲ್ಲಿ ಅಲ್ಲಾಡುತ್ತಿತ್ತು, ಮೊದಲೆಲ್ಲ ಬಿಗಿಯಾಗಿ ಕೂರುತ್ತಿತ್ತು. ಬ್ರ್ಯಾಂಡ್ ಬದಲಿಸಿದೆ.

ಅಮ್ಮ ನೋಟ್‌ಬುಕ್ಕಿನಲ್ಲಿ "ಎರಡು ಪ್ಯಾಕೆಟ್" ಅನ್ನುವುದನ್ನು ಹೊಡೆದುಹಾಕಿ ಪಕ್ಕದಲ್ಲಿ "800 ಗ್ರಾಂ" ಅಂತ ಬರೆದಿದ್ದಾರೆ. ಭಾನುವಾರ ತೂಕ ಮಾಡಿ ಕೇಕು ಮಾಡಿದರು. ಚಾಕು ಹಾಕಿದಾಗ ಅಂಚು ಉದುರಲಿಲ್ಲ, ತಳದಲ್ಲಿ ಜಿಡ್ಡು ಇರಲಿಲ್ಲ. "ನನ್ನ ಕೈ ಸರಿಯಾಗೇ ಇತ್ತು ನೋಡು" ಅಂದರು, ಎರಡು ಸಲ.

ಬಿಸ್ಕತ್ತಿನ ಡಬ್ಬಕ್ಕೆ ಹೊರಗಡೆ ಒಂದು ಕಾಗದದ ಪಟ್ಟಿ ಅಂಟಿಸಿ, ಈಗ ಎಲ್ಲಿಯವರೆಗೆ ತುಂಬಿದೆಯೋ ಅಲ್ಲಿಗೆ ಪೆನ್ನಿನಲ್ಲಿ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಮುಂದಿನ ಪ್ಯಾಕೆಟ್ ಒಡೆದಾಗ ನೋಡಬೇಕು.